‘ಯಶೋಧರ ಚರಿತೆ’ ಓದುಕೂಟ: ಅಮೃತಮತಿ ಹತ್ರ ಬಂದ ಕೂಡ್ಲೇ ಓದು ನಿಂತು ಪಂಚಾಯ್ತಿ ಯಾಕ ಸುರು ಆಗ್ತದ?

ಸಪ್ತಾಪುರದ ಓದು
ಧಾರವಾಡದಾಗ ವಾರಕ್ಕೊಮ್ಮೆ ಕೂಡೋ ಹನ್ನೆರಡು ಮಂದಿ ಓದುಕೂಟ. ಈ ಸಲ ಹಳಗನ್ನಡದ ಜೈನ ಕವಿ ಜನ್ನನ ‘ಯಶೋಧರ ಚರಿತೆ’ ಹಿಡದದ. ಮೊದಲನೇ ಅವತಾರ (ಅಂದ್ರ ಅಧ್ಯಾಯ) ಸಲೀಸಾಗಿ ಮುಗೀತು. ಎರಡನೇದಕ್ಕ ಬಂದು, ಯಶೋಧರ ರಾಜನ ರಾಣಿ ಅಮೃತಮತಿ ಮಾವುತನ ಹಾಡು ಕೇಳಿ ಅಂವಗ ಮನಸೋತ ಜಾಗಾಕ್ಕ ಮುಟ್ಟಿದ ಮ್ಯಾಲೆ ಪುಸ್ತಕ ಪಕ್ಕಕ್ಕ ಹೋತು. ‘ಆಕೀದ ತಪ್ಪು’, ‘ಇಲ್ಲ, ಗಂಡನ ತಪ್ಪು’, ಇದರಾಗ ಎರಡು ತಾಸು. ಹಳಗನ್ನಡ ಓದಿ ಗೊತ್ತಿದ್ದವರು ಹೇಳ್ರಿ: ಒಂದು ಕೂಟಕ್ಕ ಎಷ್ಟು ಪದ್ಯ ಇಟ್ಕೋಬೇಕು? ಇದೇ ಕತಿ ಮ್ಯಾಲಿನ ಕಾರ್ನಾಡರ ನಾಟಕ ‘ಹಿಟ್ಟಿನ ಹುಂಜ’ ಮೊದಲ ಓದಬೇಕೋ ಆಮ್ಯಾಲೋ? ಮತ್ತ ಈ ಪಂಚಾಯ್ತಿ ನಿಲ್ಲಸೂದು ಹೆಂಗ?

ಕಂದಪದ್ಯ
ಮೊದಲು ಗಾತ್ರದ ಮಾತು. ಇಡೀ ಕಾವ್ಯ ಸುಮಾರು 310 ಪದ್ಯ, ನಾಲ್ಕು ಅವತಾರ, ಹೆಚ್ಚುಕಡಿಮೆ ಎಲ್ಲವೂ ಕಂದ ಎಂಬ ನಾಲ್ಕು ಸಾಲಿನ ಛಂದಸ್ಸು. 1209ರ ಕೃತಿ. ಗದ್ಯ-ಪದ್ಯ ಬೆರೆತ ಚಂಪೂ ಕಾವ್ಯಗಳ ಪಕ್ಕದಲ್ಲಿಟ್ಟರೆ ಕೈಪುಸ್ತಕದಷ್ಟು ಸಣ್ಣದು, ಹಾಗಾಗಿಯೇ ಜನ ಓಡಿಸಿಬಿಡುತ್ತಾರೆ. ಒಂದೂವರೆ ತಾಸಿನ ಕೂಟಕ್ಕೆ ಹದಿನೈದರಿಂದ ಇಪ್ಪತ್ತು ಪದ್ಯ ಸಾಕು. ಎರಡನೆಯ ಅವತಾರದಲ್ಲಿ ಅದಕ್ಕೂ ಕಡಿಮೆ ಇಟ್ಟುಕೊಳ್ಳಿ. ಮೂರನೆಯದರಲ್ಲಿ ಜನ್ಮಗಳ ಸರಣಿ ಬರುತ್ತದೆ, ಅಲ್ಲಿ ಬೇಗ ಹೋದರೂ ನಡೆಯುತ್ತದೆ.

ಪ್ರತಿ ಕಂದವನ್ನೂ ಮೂರು ಸಲ ಓದಬೇಕು. ಮೊದಲ ಸಲ ಒಬ್ಬರು ಮಾತ್ರೆ ಹಿಡಿದು ಗಟ್ಟಿಯಾಗಿ. ಎರಡನೆಯ ಸಲ ಪದ ಬಿಡಿಸಿ. ಮೂರನೆಯ ಸಲ ಮತ್ತೆ ಮೊದಲಿನ ಹಾಗೆ, ಆದರೆ ಈಗ ಅರ್ಥ ಗೊತ್ತಿದ್ದು. ಗದ್ಯಾನುವಾದ ಇವೆಲ್ಲ ಆದಮೇಲೆ. ಅನುವಾದದಿಂದ ಶುರು ಮಾಡುವ ಕೂಟಗಳಲ್ಲೇ ಪಂಚಾಯ್ತಿ ಜಾಸ್ತಿ. ಕಾರಣ ಸರಳ: ‘ಜಾರಿಣಿಯಾದ ರಾಣಿಯು’ ಅನ್ನುವಂಥ ಮಾತು ಅನುವಾದಕ, ಟಿಪ್ಪಣಿಕಾರ ಹಾಕಿದ್ದಾಗಿರುತ್ತದೆ. ಪದ್ಯಕ್ಕೆ ಕಣ್ಣು ಹಾಕುವ ಮುಂಚೆಯೇ ತೀರ್ಪು ಕೈಗೆ ಸಿಕ್ಕಿರುತ್ತದೆ.

ಕಂದದ ಲೆಕ್ಕ ಗೊತ್ತಿಲ್ಲದವರಿಗೆ: ಒಂದನೆಯ, ಮೂರನೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ (12), ಎರಡನೆಯ, ನಾಲ್ಕನೆಯ ಸಾಲಿನಲ್ಲಿ ಐದು ಗಣ (20). ಒಟ್ಟು 64 ಮಾತ್ರೆ. ರಾಣಿ ಸಖಿಗೆ ಕೊಡುವ ಉತ್ತರದ ಮೊದಲ ಸಾಲು ನೋಡಿ: ‘ಕರಿದಾದೊಡೆ ಕತ್ತುರಿಯಂ’. ಕರಿದಾ | ದೊಡೆಕತ್ | ತುರಿಯಂ. ನಾಲ್ಕು, ನಾಲ್ಕು, ನಾಲ್ಕು. ಎರಡನೆಯ ಸಾಲಿನಲ್ಲಿ ‘ಮಲಯಜಂಗಳಂ’ ಎಂಬ ಮಾತು ಬರುತ್ತದಲ್ಲ, ಅದರ ‘ಯಜಂಗ’, ಮೊದಲ ಸಾಲಿನಿಂದ ಎಣಿಸಿದರೆ, ಸರಿಯಾಗಿ ಆರನೆಯ ಗಣಕ್ಕೆ ಬಂದು ಕೂತಿದೆ. ಲಘು-ಗುರು-ಲಘು, ಅಂದರೆ ಜಗಣ. ಕಂದದ ಆರನೆಯ ಗಣ ಜಗಣವಾಗಿರಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. 1, 3, 5, 7ರಲ್ಲಿ ಜಗಣ ಬರಕೂಡದು. ಓದುವಾಗ ಆ ಆರನೆಯ ಗಣದ ಹತ್ತಿರ ನಾಲಿಗೆ ಒಂದು ಸಣ್ಣ ತಿರುವು ತೆಗೆದುಕೊಳ್ಳುತ್ತದೆ. ಅದು ಕಿವಿಗೆ ಬಿತ್ತೆಂದರೆ ನೀವು ಕಂದ ಓದುತ್ತಿದ್ದೀರಿ ಅಂತ ಅರ್ಥ.

ಹಾವೇರಿ ಏಲಕ್ಕಿ
ಲೆಕ್ಕ ತಪ್ಪೋದು ಎಲ್ಲಿ ಅಂದ್ರ ಒತ್ತಕ್ಷರದ ಹಿಂದಿನ ಅಕ್ಷರದಾಗ. ಒತ್ತಿನ ಹಿಂದಿಂದು ಗುರು ಅಂತ ಸಾಲ್ಯಾಗ ಕಲಿಸಿರ್ತಾರ, ಆದ್ರ ‘ಅಮರ್ದು’ ಅಂಥ ಮಾತಿನಾಗ ‘ಮ’ ಲಘುವಾಗೇ ಉಳೀಬಹುದು. ಇದಕ್ಕ ಶಿಥಿಲದ್ವಿತ್ವ ಅಂತಾರ, ಅಂದ್ರ ಸಡಿಲಾಗಿ ನುಡಿಯೋ ಒತ್ತು. ಒಂದು ಮಾತ್ರೆ ಹೆಚ್ಚಾತು ಅಂತ ಪದ್ಯನ ತಪ್ಪು ಅನ್ನೂಕಿಂತ ಮುಂಚೆ ಸಾಲಿನಾಗ ಇಂಥಾದ್ದು ಐತೇನು ನೋಡ್ರಿ. ಇದರ ಸೂತ್ರ ಕೇಶಿರಾಜನ ‘ಶಬ್ದಮಣಿದರ್ಪಣ’ದಾಗ ಸಿಗ್ತದ. ಆ ಕೇಶಿರಾಜಗ ಜನ್ನ ಸೋದರಮಾವ! ಮಾವ ಬರದಿದ್ದಕ್ಕ ಅಳಿಯ ವ್ಯಾಕರಣ ಕೊಟ್ಟ ಅಂತ ಅನ್ಕೊಂಡು ಓದ್ರಿ.

ಅಣ್ಣಿಗೇರಿಯಾಕಿ
ಮುದ್ರಣದ ಮಾತೂ ಒಂದಿದೆ. ಕೈಯಲ್ಲಿರುವ ಪ್ರತಿಯಲ್ಲಿ ಹಳಗನ್ನಡದ ಱ, ೞ ಅಕ್ಷರಗಳು ಇವೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ. ಎರಡನ್ನೂ ರ, ಳ ಮಾಡಿ ಅಚ್ಚು ಹಾಕಿದ ಪುಸ್ತಕಗಳಿವೆ. ಅವುಗಳಲ್ಲಿ ‘ಅರಿ’ ಅಂದರೆ ತಿಳಿಯೋ (ಅಱಿ), ಕತ್ತರಿಸೋ (ಅರಿ)? ‘ಅಳಿ’ ಅಂದರೆ ದುಂಬಿಯೋ (ಅಳಿ), ನಾಶವಾಗೋ (ಅೞಿ)? ಪ್ರೇಮದ ಪದ್ಯದಲ್ಲಿ ದುಂಬಿ ಬರುವುದೂ ಸಹಜ, ಹಾಳಾಗಿ ಹೋಗುವುದೂ ಸಹಜ, ಹಾಗಾಗಿ ಸಂದರ್ಭದಿಂದ ಊಹಿಸಿದರೆ ಎಡವುತ್ತೀರಿ. ಕೂಟದಲ್ಲಿ ಹಳೆಯ ಅಕ್ಷರ ಇರುವ ಒಂದು ಪ್ರತಿಯಾದರೂ ಇರಲಿ.

ಇನ್ನೊಂದು, ಸಾಲಿನ ಕೊನೆಯಲ್ಲಿ ನಿಲ್ಲಬೇಡಿ. ವಾಕ್ಯ ಎರಡನೆಯ ಸಾಲಿನಿಂದ ಮೂರನೆಯದಕ್ಕೆ ಹರಿದುಹೋಗುತ್ತದೆ. ಸಾಲಿಗೊಮ್ಮೆ ನಿಂತರೆ ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ ಆಗಿ ಯಾರು ಯಾರಿಗೆ ಏನು ಮಾಡಿದರು ಅನ್ನುವುದೇ ಅದಲುಬದಲಾಗುತ್ತದೆ. ಪದ ಬಿಡಿಸುವಾಗ ಮೊದಲು ಕ್ರಿಯಾಪದ ಹುಡುಕಿ, ಆಮೇಲೆ ಕರ್ತೃ, ಆಮೇಲೆ ಉಳಿದದ್ದು. ಪ-ಕಾರವನ್ನು ಹ ಮಾಡಿ ನೋಡಿ: ಪಾಡು ಹಾಡು, ಪೂ ಹೂ, ಪುಸಿ ಹುಸಿ. ಸಮಾಸದಲ್ಲಿ ಅಕ್ಷರ ವೇಷ ಬದಲಿಸಿಕೊಂಡಿರುತ್ತದೆ, ಕೆಂದಾವರೆಯೊಳಗೆ ‘ದಾವರೆ’ ಹುಡುಕಿದರೆ ಸಿಗುವುದಿಲ್ಲ, ಅಲ್ಲಿರುವುದು ತಾವರೆ.

ಉಣಕಲ್ ದಂಡಿ
ಛಂದಸ್ಸು ಬೇಕು ಖರೆ. ಆದ್ರ ಪ್ರಶ್ನಿ ಇದ್ದದ್ದು ಪಂಚಾಯ್ತಿ ಬಗ್ಗೆ. ಅದಕ್ಕ ಮದ್ದು ಒಂದೇ: ಈ ಕತಿ ಯಾರು ಹೇಳ್ಲಿಕ್ಹತ್ಯಾರ ಅನ್ನೂದನ್ನ ಹಲಗಿ ಮ್ಯಾಲೆ ಬರದಿಡ್ರಿ, ಕೂಟ ಮುಗಿಯೂತನಕ ಒರಸಬ್ಯಾಡ್ರಿ.

ಹೇಳೂದು ಅಭಯರುಚಿ. ಕೇಳೂದು ಮಾರಿದತ್ತ ರಾಜ. ಹೇಳೂ ಜಾಗಾ ಚಂಡಮಾರಿ ಗುಡಿ, ಹೇಳೂ ಹೊತ್ತು ಅಂವನ್ನೂ ಅಂವನ ತಂಗೀನ್ನೂ ಬಲಿ ಕೊಡಲಿಕ್ಕೆ ತಂದು ನಿಲ್ಲಿಸಿದ ಹೊತ್ತು. ಆ ಅಭಯರುಚಿ ಬ್ಯಾರೆ ಯಾರೂ ಅಲ್ಲ, ಹಿಂದಿನ ಜನ್ಮದ ಯಶೋಧರ. ಅಂದ್ರ ಅಮೃತಮತಿ ಕತಿ ನಮಗ ತಲಪೂದು ಆಕಿ ವಿಷ ಹಾಕಿ ಕೊಂದ ಗಂಡನ ಬಾಯಿಂದ, ಅದೂ ನಡುವ ಹಲವು ಜನ್ಮ ದಾಟಿ ಬಂದ ಮ್ಯಾಲೆ. ಆಕಿ ತನ್ನ ಕತಿ ತಾನು ಎಲ್ಲೂ ಹೇಳೂದಿಲ್ಲ.

ಈಗ ಎರಡು ಬಣ್ಣದ ಪೆನ್ಸಿಲ್ ತಗೋರಿ. ಯಶೋಧರ ಕಣ್ಣಾರೆ ಕಂಡದ್ದಕ್ಕ ಒಂದು ಬಣ್ಣ, ಕಾಣಲಿಕ್ಕೆ ಸಾಧ್ಯ ಇಲ್ಲದ್ದಕ್ಕ ಇನ್ನೊಂದು. ಹುಸಿನಿದ್ದಿ ಮಾಡಿ ಆಕೀ ಹಿಂದ ಕತ್ತಿ ಹಿಡದು ಹೋಗಿದ್ದು, ತಡಾ ಮಾಡಿ ಬಂದ್ಯಾಕ ಅಂತ ಮಾವುತ ಆಕೀನ ಹೊಡದದ್ದು, ಆಕಿ ಅಂವನ್ನ ಸಮಾಧಾನ ಮಾಡಿದ್ದು, ಇವೆಲ್ಲ ಕಂಡದ್ದು. ಆದ್ರ ಬೆಳಗಿನ ಜಾವ ಹಾಡು ಆಕೀ ಕಿವಿಗೆ ಬಿದ್ದಾಗ ಇಂವ ಮಗ್ಗಲದಾಗ ನಿದ್ದಿ ಹೊಡೀಲಿಕ್ಹತ್ತಿದ್ದ. ಆಕಿ ಸಖೀನ ಕಳಿಸಿದ್ದು, ಸಖಿ ಬಂದು ವರದಿ ಕೊಟ್ಟದ್ದು, ಆಕಿ ತಿರುಗಿ ಉತ್ತರಾ ಕೊಟ್ಟದ್ದು, ಒಂದೂ ಇಂವ ಕಂಡಿದ್ದಲ್ಲ. ನಾವು ಜಗಳಾಡೋ ಪದ್ಯ ಹೆಚ್ಚಿನವು ಈ ಎರಡನೇ ಬಣ್ಣದಾಗ ಬರ್ತಾವ. ಇದನ್ನ ಒಮ್ಮೆ ಹಾಳಿ ಮ್ಯಾಲೆ ಕಂಡ ಮಂದಿ ‘ಆಕಿ ಹಿಂಗ’ ಅನ್ನೂದನ್ನ ತಾವ ಬಿಡ್ತಾರ, ‘ಇಂವ ಆಕೀನ ಹಿಂಗ ಕಾಣಸ್ತಾನ’ ಅಂತ ಮಾತು ತಿರಗ್ತದ.

ಪುಲಿಗೆರೆ
ದಂಡಿಯವರ ಮಾತಿಗೆ ಒಂದು ಆಕ್ಷೇಪ. ಕಾವ್ಯದಲ್ಲಿ ಹೇಳುವವನಿಗೆ ಎಲ್ಲ ಗೊತ್ತಿರುವುದು ಹಳೆಯ ಸಂಪ್ರದಾಯ. ಜೈನ ಕತೆಗಳಲ್ಲಂತೂ ಹಿಂದಿನ ಜನ್ಮದ ನೆನಪು ಮರಳಿದವನಿಗೆ ತಾನು ಕಾಣದ್ದೂ ತಿಳಿಯುವುದು ಸಹಜ. ಇಂದಿನ ಕಾದಂಬರಿಯ ‘ನಂಬಲಾಗದ ನಿರೂಪಕ’ನನ್ನು 1209ಕ್ಕೆ ಒಯ್ದು ಕೂರಿಸಿದರೆ ಜನ್ನನಿಗೆ ಅನ್ಯಾಯ.

ಕತೆಯೂ ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿಯ ಸಂಸ್ಕೃತ ‘ಯಶಸ್ತಿಲಕ ಚಂಪೂ’ 959ರದು. ಅದು ಹುಟ್ಟಿದ್ದು ಪಂಪನ ಆಶ್ರಯದಾತ ಅರಿಕೇಸರಿಯ ಮಗನ ಕಾಲದಲ್ಲಿ. ಜನ್ನ ಹತ್ತಿರದಿಂದ ಹಿಡಿದದ್ದು ಜೈನ ಕವಿ ವಾದಿರಾಜನ ಸಂಸ್ಕೃತ ಕಾವ್ಯವನ್ನು. ಕತೆಯ ಘಟನೆಗಳಿಗೆ ಅವನನ್ನು ಹೊಣೆ ಮಾಡುವ ಬದಲು, ಕೈಗೆ ಬಂದ ಘಟನೆಯನ್ನು ಯಾವ ಮಾತಿನಲ್ಲಿ ಇಟ್ಟ ಅನ್ನುವುದನ್ನು ಹಿಡಿಯಬೇಕು.

ಉಣಕಲ್ ದಂಡಿ
ಒಪ್ಪಿದೆ ಸರ್, ‘ನಂಬಲಾಗದ’ ಅಂತ ನಾನೂ ಅಂದಿಲ್ಲ. ಅಂವ ಸುಳ್ಳು ಹೇಳ್ತಾನ ಅನ್ನೂದು ಬ್ಯಾರೆ, ಅಂವನ ಬಾಯಿಂದ ಬರ್ತದ ಅನ್ನೂದು ಬ್ಯಾರೆ. ಬಣ್ಣ ಹಚ್ಚೂದು ಎರಡನೇದಕ್ಕ.

ಅಣ್ಣಿಗೇರಿಯಾಕಿ
ಮಾತಿನಲ್ಲಿ ಹೇಗೆ ಇಟ್ಟ ಅಂದಿರಲ್ಲ ಪುಲಿಗೆರೆಯವರೇ, ಅದಕ್ಕೆ ಸಖಿಯ ಪ್ರಸಂಗವೇ ಸಾಕು. ಕ್ರಮ ಗಮನಿಸಿ. ಮೊದಲು ಕಿವಿ: ಆನೆಯ ಸಾಲೆಯ ಕಡೆಯಿಂದ ದನಿ. ಆತ ಹಾಡುತ್ತಿದ್ದದ್ದು ‘ಬಿನದಕ್ಕೆ’, ಅಂದರೆ ತನ್ನ ಪಾಡಿಗೆ, ಹೊತ್ತು ಕಳೆಯಲಿಕ್ಕೆ. ಅವಳನ್ನು ಕರೆಯಲಿಕ್ಕಲ್ಲ. ಆಮೇಲೆ ಕಣ್ಣು, ಅದೂ ಸಖಿಯದು. ಆಕೆ ನೋಡಿ ಬಂದು ಮಾವುತ ಅಷ್ಟಾವಂಕನ ಅಂಗಾಂಗ ಹಳಿಯುತ್ತಾಳೆ. ರಾಣಿಯ ಉತ್ತರ: ಕಸ್ತೂರಿ ಕಪ್ಪಗಿದೆ ಅಂತ, ಚಂದನ ಮುರುಟಿಕೊಂಡಿದೆ ಅಂತ, ಕಾಮನ ಬಿಲ್ಲು ಡೊಂಕಾಗಿದೆ ಅಂತ ಯಾರಾದರೂ ಕೀಳು ಮಾಡುತ್ತಾರೇನು? ನಲ್ಲನ ಮೈಯಲ್ಲಿ ಪೊಲ್ಲಮೆಯೇ (ಕುಂದೇ) ಲೇಸು.

ಮೂರು ಹೋಲಿಕೆಯಲ್ಲಿ ಎರಡು ವಾಸನೆಯವು. ಕಣ್ಣಿನ ದೂರಿಗೆ ಮೂಗಿನ ಸಾಕ್ಷಿ ತಂದಿದ್ದಾಳೆ! ಮೂರನೆಯ ಬಿಲ್ಲು ಕಣ್ಣಿನದೇ, ಆದರೆ ಬಿಲ್ಲು ಕೆಲಸಕ್ಕೆ ಬರುವುದೇ ಡೊಂಕಾಗಿರುವುದರಿಂದ. ವಕೀಲಳ ಬುದ್ಧಿ. ಅವಳನ್ನು ಖಂಡಿಸುವುದೇ ಕಾವ್ಯದ ಉದ್ದೇಶವಾಗಿದ್ದರೆ ಇಡೀ ಕೃತಿಯ ಅತ್ಯಂತ ಚೆಂದದ ಕಂದಗಳಲ್ಲಿ ಒಂದನ್ನು ಅವಳ ಬಾಯಿಗೆ ಯಾಕೆ ಕೊಡಬೇಕಿತ್ತು? ಕೂಟದಲ್ಲಿ ಈ ಪದ್ಯ ಓದುವಾಗ ‘ಮರುಳೇ’ ಅನ್ನುವ ಕರೆಯನ್ನು ಎರಡು ಬಗೆಯಲ್ಲಿ ಓದಿಸಿ ನೋಡಿ, ಒಮ್ಮೆ ಸಲಿಗೆಯಲ್ಲಿ, ಒಮ್ಮೆ ಸಿಟ್ಟಿನಲ್ಲಿ. ಪದ್ಯ ಎರಡನ್ನೂ ತಾಳಿಕೊಳ್ಳುತ್ತದೆ.

ಹಾವೇರಿ ಏಲಕ್ಕಿ
ಅಕ್ಕಾರ, ಸಖಿ ವರದಿ ಬಗ್ಗೆ ಒಂದು ಮಾತು ಸೇರಸ್ತೀನಿ. ಅದನ್ನ ಓದಿ ಕೂಟದಾಗ ಮಂದಿ ನಗ್ತಾರ. ಹಾಸ್ಯಕ್ಕಂತನ ಕಟ್ಟಿದ್ದು ಅದು. ಆದ್ರ ಅಂಗವಿಕಲತೆ ಮತ್ತ ಕೆಳಗಿನ ಕೆಲಸ ಎರಡನ್ನೂ ಕೂಡಿಸಿ ಹೇಸಿಗಿ ಹುಟ್ಟಸೂದು ಆ ಹಾಸ್ಯದ ಉಪಾಯ. ನಕ್ಕ ಮ್ಯಾಲೆ ಒಂದು ನಿಮಿಷ ಅಲ್ಲೇ ನಿಂತು, ‘ಇದನ್ನ ಯಾರ ಕಣ್ಣಿನಿಂದ ನೋಡಿದ್ವಿ’ ಅಂತ ಕೇಳ್ರಿ. ಸಖಿ ಅರಮನಿ ಕಣ್ಣು. ಅದನ್ನ ಹಂಗ ಬಿಟ್ಟು ಮುಂದ ಹೋದ್ರ ‘ಛೀ, ಇಂಥವನ ಹಿಂದ ಹೋದಳಲ್ಲ’ ಅನ್ನೂದು ತಾನ ಬರ್ತದ, ಅಲ್ಲಿಂದ ಪಂಚಾಯ್ತಿ ಸುರು. ಅಂವ ಹೊಡೀತಾನ ಅನ್ನೂದು ಅಂವನ ಮ್ಯಾಲಿನ ಖರೆ ದೂರು, ಡೊಂಕ ಅದಾನ ಅನ್ನೂದಲ್ಲ. ಎರಡನ್ನೂ ಬ್ಯಾರೆ ಬ್ಯಾರೆ ಇಡ್ರಿ.

ಸಪ್ತಾಪುರದ ಓದು
ಭಾಳ ಉಪಯೋಗ ಆತು. ಒಂದು ಸಂಶಯ. ಹೊಡೆತ ತಿಂದ ಮ್ಯಾಲೂ ಆಕಿ ಅಂವನ ಕಾಲು ಹಿಡೀತಾಳ, ಉಳಿದ ಗಂಡಸರು ನನಗ ಅಣ್ಣತಮ್ಮರ ಸಮಾನ ಅಂತಾಳ. ಇದನ್ನ ಪ್ರೀತಿ ಅನ್ನಬೇಕೋ ಏನನ್ನಬೇಕೋ? ನಮ್ಮ ಕೂಟ ಸಿಕ್ಕಿಬಿದ್ದದ್ದು ಇಲ್ಲೇ.

ಕಂದಪದ್ಯ
ಹೆಸರಿಡುವ ಆತುರ ಬೇಡ. ಆ ದೃಶ್ಯವನ್ನು ಅದರ ಜೋಡಿಯ ಜೊತೆ ಓದಿ. ಮರುದಿನ ಯಶೋಧರ ಸರಸಕ್ಕೆಂಬಂತೆ ನೆಯ್ದಿಲ ಹೂವಿನಿಂದ ಅವಳನ್ನು ಹೊಡೆಯುತ್ತಾನೆ, ಅವಳು ಮೂರ್ಛೆ ಬಿದ್ದವಳಂತೆ ಆಗುತ್ತಾಳೆ. ರಾತ್ರಿ ಅಷ್ಟು ಪೆಟ್ಟು ತಿಂದು ಅಲುಗದವಳು ಹೂವಿಗೆ ಬಿದ್ದಳು. ಸಾಮಾನ್ಯವಾಗಿ ಇದನ್ನು ಅವಳ ನಾಟಕ ಅಂತ ಓದಿ ಮುಗಿಸುತ್ತಾರೆ. ಆದರೆ ಹೂವು ಹಿಡಿದವನ ಕೈ ನೋಡಿ. ಹಿಂದಿನ ರಾತ್ರಿ ಕತ್ತಿ ಎತ್ತಿ ಇಳಿಸಿದ್ದು ಅದೇ ಕೈ. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನಂತೆ ಹೂವಾಡಿಸುತ್ತಿದ್ದಾನೆ. ನಾಟಕ ಇಬ್ಬರದೂ. ಪ್ರಶ್ನೆಯನ್ನು ‘ಅವಳಿಗೆ ಅವನ ಮೇಲೆ ಇದ್ದದ್ದು ಪ್ರೀತಿಯೇ’ ಅಂತ ಇಟ್ಟರೆ ಉತ್ತರ ಸಿಗುವುದಿಲ್ಲ. ‘ಈ ಮೂವರಲ್ಲಿ ಯಾರು ಯಾರೆದುರು ಬಾಯಿಬಿಟ್ಟು ಮಾತಾಡುತ್ತಾರೆ’ ಅಂತ ಇಟ್ಟು ನೋಡಿ. ಮಾವುತ ಮತ್ತು ರಾಣಿ ಮಾತಾಡುತ್ತಾರೆ, ಕೆಟ್ಟದ್ದೋ ಒಳ್ಳೆಯದ್ದೋ. ರಾಜ ಮತ್ತು ರಾಣಿಯ ನಡುವೆ ಈ ವಿಷಯಕ್ಕೆ ಒಂದೇ ಒಂದು ನೇರ ಮಾತಿಲ್ಲ.

ಅಲ್ಲಿಂದಾಚೆ ಬರುವುದೆಲ್ಲ ಆ ಬಾಯಿಬಿಡದ ಮಾತಿನ ಸಾಲ. ತಾಯಿ ಚಂದ್ರಮತಿ ಕೇಳಿದಾಗಲೂ ರಾಜ ಕೆಟ್ಟ ಕನಸು ಬಿತ್ತು ಅಂತ ಮರೆಮಾಚುತ್ತಾನೆ. ಅವಳು ಕನಸಿಗೆ ಶಾಂತಿ ಆಗಬೇಕು, ಬಲಿ ಕೊಡು ಅನ್ನುತ್ತಾಳೆ. ಇವನು ಜೀವಬಲಿ ಒಲ್ಲೆ ಅನ್ನುತ್ತಾನೆ. ನಡುವಿನ ದಾರಿಯಾಗಿ ಹಿಟ್ಟಿನ ಕೋಳಿ ಬರುತ್ತದೆ. ಅದನ್ನು ಕಡಿದರೆ ಅದು ಕೂಗುತ್ತದೆ! ಕೊಲ್ಲುವ ಸಂಕಲ್ಪವೇ ಕೊಲೆಗೆ ಸಮ, ಅದು ಕಾವ್ಯದ ಧರ್ಮ. ಆಮೇಲೆ ರಾಣಿಯ ವಿಷದ ಲಡ್ಡು, ತಾಯಿ ಮಗ ಇಬ್ಬರ ಸಾವು, ನವಿಲು-ನಾಯಿಯಾಗಿ ಹುಟ್ಟು, ಅಲ್ಲಿಂದ ಸರಣಿ.

ಪುಲಿಗೆರೆ
ಆ ಸರಣಿ ಓದುವಾಗ ವಂಶದ ನಕ್ಷೆ ಬರೆದುಕೊಳ್ಳದಿದ್ದರೆ ಖಂಡಿತ ದಾರಿ ತಪ್ಪುತ್ತದೆ. ದೊಡ್ಡ ಹಾಳೆ ತೆಗೆದುಕೊಂಡು ಎಡಕ್ಕೆ ಯಶೋಧರನ ಸಾಲು, ಬಲಕ್ಕೆ ಚಂದ್ರಮತಿಯ ಸಾಲು ಎಳೆಯಿರಿ. ಪ್ರತಿ ಜನ್ಮಕ್ಕೂ ಮೂರು ವಿಷಯ: ಯಾವ ಪ್ರಾಣಿ, ಯಾರ ಕೈಯಲ್ಲಿ ಸತ್ತದ್ದು, ಆಗ ಅಮೃತಮತಿ ಅಥವಾ ಮಗ ಯಶೋಮತಿ ಹತ್ತಿರದಲ್ಲಿದ್ದರೋ. ಕೊನೆಗೆ ಇಬ್ಬರೂ ಕೋಳಿಗಳಾಗಿ ಸತ್ತು ಯಶೋಮತಿಯ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಅಂದರೆ ಯಶೋಧರ ತನ್ನ ಮಗನಿಗೇ ಮಗನಾದ, ತಾಯಿ ತಂಗಿಯಾದಳು. ನಕ್ಷೆಯಲ್ಲಿ ಈ ಗಂಟು ಬಿದ್ದ ಮೇಲೆ, ಗುಡಿಯಲ್ಲಿ ನಿಂತು ಕತೆ ಹೇಳುವ ಹುಡುಗನಿಗೆ ಅಮೃತಮತಿ ಏನಾಗಬೇಕು ಅಂತ ಕೇಳಿ. ಹಿಂದಿನ ಹೆಂಡತಿ, ಈಗಿನ ಅಜ್ಜಿ. ಅವನ ದನಿಯಲ್ಲಿ ಬರೀ ಸಿಟ್ಟು ಹುಡುಕುವವರು ಇದನ್ನು ಮರೆತಿರುತ್ತಾರೆ.

ಶಿಕ್ಷೆಯ ತಕ್ಕಡಿಯನ್ನೂ ನೋಡಿಕೊಳ್ಳಿ. ರಾಣಿಗೆ ನರಕ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಹಿಟ್ಟಿನ ಕೋಳಿ ಕಡಿದವನಿಗೆ ಮೂರನೆಯ ಅವತಾರ ಪೂರ್ತಿ ಸಾಲದೆ ಮುಂದಕ್ಕೂ ಹರಿಯುತ್ತದೆ. ಕಾವ್ಯ ಯಾವುದನ್ನು ದೊಡ್ಡ ವಿಷಯ ಮಾಡಿದೆ ಅನ್ನುವುದಕ್ಕೆ ಪದ್ಯದ ಎಣಿಕೆಯೇ ಸಾಕ್ಷಿ.

ಉಣಕಲ್ ದಂಡಿ
‘ಹಿಟ್ಟಿನ ಹುಂಜ’ದ ಪ್ರಶ್ನಿ ಉಳೀತು. ಕಾವ್ಯ ಮೊದಲ, ನಾಟಕ ಆಮ್ಯಾಲೆ ಅಂತ ನನ್ನ ಮತ. ನಾಟಕ 1980ರದು. ಕಾರ್ನಾಡರು ಜನ್ಮಗಳ ಸರಣಿ ಕಿತ್ತು ಹಾಕಿ, ರಾಜ, ರಾಣಿ, ರಾಜಮಾತೆ, ಮಾವುತ ಈ ನಾಕ ಮಂದೀನ ಉಳಿಸಿಕೊಂಡಾರ. ಮುಖ್ಯ ಅಂದ್ರ ರಾಣಿಗೆ ಬಾಯಿ ಕೊಟ್ಟಾರ. ಅದನ್ನ ಮೊದಲ ಓದಿದ್ರ ಜನ್ನನ ಅಮೃತಮತಿ ಮ್ಯಾಲೆ ನಾಟಕದ ರಾಣಿ ಮಾತು ಹೇರಕೊಂಡು ಬರ್ತೀವಿ, ಆಕಿ ಕಾವ್ಯದಾಗ ಎಷ್ಟು ಸುಮ್ಮನಿದ್ದಾಳ ಅನ್ನೂದು ಕೇಳಸೂದಿಲ್ಲ.

ಪುಸ್ತಕ ಹುಡುಕ್ಲಿಕ್ಕೆ ಧಾರವಾಡದವರು ದೂರ ಹೋಗಬೇಕಾಗಿಲ್ಲ. ಕಾರ್ನಾಡರ ನಾಟಕಗಳನ್ನ ತಂದದ್ದು 1933ರಿಂದ ನಡದು ಬಂದ ನಮ್ಮ ಮನೋಹರ ಗ್ರಂಥಮಾಲಾ.

ಹಾವೇರಿ ಏಲಕ್ಕಿ
ನಾ ಒಪ್ಪೂದಿಲ್ಲ. ಹಳಗನ್ನಡದ ಹೆದರಿಕಿ ಇದ್ದವರಿಗೆ ನಾಟಕ ಮೊದಲ ಕೊಡ್ರಿ. ಗಂಟು ಎಲ್ಲಿ ಐತಿ ಅಂತ ಗೊತ್ತಾದ್ರ ಕಂದ ಬಿಡಿಸೋ ತ್ರಾಸು ತಗೊಳ್ಳಿಕ್ಕೆ ಮನಸು ಬರ್ತದ. ಹನ್ನೆರಡು ಮಂದ್ಯಾಗ ನಾಕು ಮಂದಿ ಮೊದಲನೇ ಅವತಾರಕ್ಕ ಕೈಬಿಟ್ರ ನಿಮ್ಮ ಕ್ರಮ ತಗೊಂಡು ಏನ್ ಮಾಡೂದ್ರಿ?

ಅಣ್ಣಿಗೇರಿಯಾಕಿ
ಕೂಟ ಈಗಾಗಲೇ ಎರಡನೆಯ ಅವತಾರದಲ್ಲಿದೆಯಲ್ಲ, ಅವರ ಮಟ್ಟಿಗೆ ಆ ಪ್ರಶ್ನೆ ಮುಗಿದಿದೆ. ಮುಗಿಸಿ ಆಮೇಲೆ ನಾಟಕ ಓದಲಿ.

ಪಂಚಾಯ್ತಿಗೆ ನನ್ನದೊಂದು ಉಪಾಯ. ಪದ್ಯ ಬಿಡಿಸಿ ಆದಮೇಲೆ ಯಾರಾದರೊಬ್ಬರು ಅದನ್ನು ಧಾರವಾಡದ ಆಡುಮಾತಿನಲ್ಲಿ ತಿರುಗಿ ಹೇಳಬೇಕು. ಹೇಳುವಾಗ ಬಳಸುವ ಸರ್ವನಾಮವನ್ನು ಇನ್ನೊಬ್ಬರು ಬರೆದುಕೊಳ್ಳಬೇಕು. ಮೊದಲಲ್ಲಿ ‘ರಾಣಿಯವ್ರು ಎದ್ರು’ ಅಂತ ಇರುತ್ತದೆ. ಹಾಡು ಕೇಳಿದ ಹೊತ್ತಿಗೆ ‘ಆಕಿ ಕೇಳಿದಳು’. ಮಾವುತನ ಹತ್ತಿರ ಹೋದ ಮೇಲೆ ‘ಅದು ಹೋತು’ ಅಂತ ಕೂಡ ಬಾಯಿಗೆ ಬರುವುದುಂಟು. ಯಶೋಧರ ಮಾತ್ರ ಕೊನೆಯತನಕ ‘ರಾಜ’ನೇ. ಪದ್ಯದಲ್ಲಿ ಆ ಇಳಿತ ಇದೆಯೋ, ಹೇಳುವವರು ತಂದದ್ದೋ ಅಂತ ಮತ್ತೆ ಮೂಲಕ್ಕೆ ಹೋಗಿ ನೋಡುವುದು. ಬಹಳ ಕಡೆ ಪದ್ಯದಲ್ಲಿ ಇರುವುದಿಲ್ಲ. ಕೆಲವು ಕಡೆ ಇರುತ್ತದೆ, ಅಲ್ಲಿ ಜನ್ನನನ್ನೇ ಹಿಡಿದು ಕೇಳಬಹುದು.

ಪುಲಿಗೆರೆ
ಸೊಗಸಾದ ಉಪಾಯ. ‘ಕವಿರಾಜಮಾರ್ಗ’ ಕನ್ನಡದ ತಿರುಳು ಅಂತ ಎಣಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಈ ಕಡೆಯ ಆಡುಮಾತಿನಲ್ಲಿ ಹಳಗನ್ನಡ ತಿರುಗಿ ಹೇಳಿದರೆ ತವರಿಗೆ ಬಂದ ಹಾಗೆಯೇ.

ಇದು ಮುಗಿದ ಮೇಲೆ ಅದೇ ಜನ್ನನ ‘ಅನಂತನಾಥ ಪುರಾಣ’ದ (1230) ಚಂಡಶಾಸನ-ಸುನಂದೆಯ ಭಾಗ ಎತ್ತಿಕೊಳ್ಳಿ. ಗೆಳೆಯ ವಸುಷೇಣನ ಹೆಂಡತಿಗೆ ಮನಸೋತು ಎಳೆದೊಯ್ದವನು, ಗಂಡನದೆಂದು ಮಾಯೆಯ ತಲೆ ತೋರಿಸಿದಾಗ ಅವಳು ಪ್ರಾಣ ಬಿಟ್ಟರೆ, ಅವಳ ಚಿತೆಗೇ ಬೀಳುತ್ತಾನೆ. ಅಮೃತಮತಿ ಕೇಳಿಸಿಕೊಂಡು ಕೆಟ್ಟಳು, ಚಂಡಶಾಸನ ನೋಡಿ ಕೆಟ್ಟ. ಪುರಾಣ ಪೂರ್ತಿ ಬೇಡ, ಆ ಭಾಗ ಸಾಕು.

ಸಪ್ತಾಪುರದ ಓದು
ಎಲ್ಲಾರಿಗೂ ಉಪಕಾರ ಆತು. ಬರೋ ಕೂಟಕ್ಕ ಹದಿನೈದೇ ಪದ್ಯ, ಎರಡು ಬಣ್ಣದ ಪೆನ್ಸಿಲ್, ಸರ್ವನಾಮ ಬರಕೊಳ್ಳಾಕ ಒಬ್ಬರು, ಹಳೇ ಅಕ್ಷರ ಇರೋ ಒಂದು ಪ್ರತಿ. ಒಂದು ಉಳೀತು: ಮಾವುತ ಏನು ಹಾಡ್ತಿದ್ದ? ಮಾತು ಏನಾದ್ರೂ ಅದಾವೇನು?

ಕಂದಪದ್ಯ
ಇಲ್ಲ. ದನಿ ನುಣ್ಣಗಿತ್ತು ಅನ್ನುತ್ತಾನೆ, ಹಾಡಿನ ಒಂದು ಸಾಲೂ ಕೊಡುವುದಿಲ್ಲ. ಆ ಪದ್ಯಕ್ಕೆ ಬಂದಾಗ ಪದ ಬಿಡಿಸುವ ಕೆಲಸ ಆಮೇಲೆ ಇಟ್ಟುಕೊಳ್ಳಿ. ಬರೀ ಮಾತ್ರೆ ಹಿಡಿದು ಎರಡು ಸಲ ಗಟ್ಟಿಯಾಗಿ ಓದಿಸಿ. ಅವಳಿಗೆ ಸಿಕ್ಕಿದ್ದೂ ಅಷ್ಟೇ.